ಪರೀಕ್ಷೆಗೊಂದು, ಹೊಲಕ್ಕೊಂದು

ಸದ್ಭಕ್ತರೇ, ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳೇ,

ಮಹಾನವಮಿ ಬಂದಿತೆಂದರೆ ನಮ್ಮ ಭಾಗದ ಶಾಲೆಗಳಲ್ಲಿ ಮೊದಲನೆಯ ಅವಧಿ ಮುಗಿಯಿತೆಂದು ಅರ್ಥ. ಮಕ್ಕಳು ಪರೀಕ್ಷೆ ಬರೆದು ಮುಗಿಸಿ ಬನ್ನಿ ಮುಡಿಯಲು ಊರು ಸೇರುತ್ತಾರೆ. ತಂದೆತಾಯಿಗಳು ಅವರನ್ನು ಕರೆದುಕೊಂಡು ಮಠಕ್ಕೆ ಬರುತ್ತಾರೆ. ಪಾದಕ್ಕೆರಗಿದ ಮಗುವಿನ ತಲೆಯ ಮೇಲೆ ನಾವು ಕೈಯಿಡುವ ಮೊದಲೇ ತಂದೆಯು ಅಂಕಗಳನ್ನು ಹೇಳಿಬಿಡುತ್ತಾನೆ. ಗಣಿತಕ್ಕೆ ಇಷ್ಟು, ವಿಜ್ಞಾನಕ್ಕೆ ಇಷ್ಟು, ಇಂಗ್ಲಿಷಿಗೆ ಸ್ವಲ್ಪ ಕಡಿಮೆ. ನಾವೂ ಸಂತೋಷಪಟ್ಟು ಕಲ್ಲುಸಕ್ಕರೆ ಕೊಟ್ಟು ಹರಸಿ ಕಳುಹಿಸುತ್ತೇವೆ. ಅನೇಕ ವರ್ಷಗಳಿಂದ ಹೀಗೆಯೇ ನಡೆದು ಬಂದಿದೆ. ಆದರೆ ಕಳೆದ ಶ್ರಾವಣದಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಅದನ್ನು ನಿಮ್ಮ ಮುಂದಿರಿಸುವುದೇ ಈ ಲೇಖನದ ಉದ್ದೇಶ.

ರಾಯಬಾಗ ತಾಲ್ಲೂಕಿನ ಕೃಷ್ಣಾ ತೀರದ ಒಂದು ಹಳ್ಳಿಗೆ ಪ್ರವಚನಕ್ಕೆಂದು ಹೋಗಿದ್ದೆವು. ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದಗಳು ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತಿದ್ದೆವು. ಆ ಮನೆಯ ಮಗಳು, ಎಂಟನೆಯ ಇಯತ್ತೆಯಲ್ಲಿ ಓದುವವಳು, ವಿಜ್ಞಾನದ ಪುಸ್ತಕ ಹಿಡಿದು ಮೂಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ಬೆಳೆಗೆ ನೀರು ಯಾವಾಗ ಬೇಕು, ಎಷ್ಟು ಬೇಕು, ಹನಿ ನೀರಾವರಿ ಎಂದರೇನು, ರಸಗೊಬ್ಬರವನ್ನೇ ನೆಚ್ಚಿಕೊಂಡರೆ ಮಣ್ಣಿನ ಸತ್ವ ಹೇಗೆ ಕುಗ್ಗುತ್ತದೆ ಎಂಬ ಪಾಠ. ಓದುವುದನ್ನು ನಿಲ್ಲಿಸಿ ಅವಳು ತಂದೆಯನ್ನು ಕೇಳಿದಳು: ತಮ್ಮ ಕೆಳಗಿನ ಹೊಲ ಸವಳಾದದ್ದು ಇದರಿಂದಲೇ ಏನು ಎಂದು. ತಂದೆಯು ನಮ್ಮ ಮುಖ ನೋಡಿ ನಕ್ಕು, "ಅದು ಪರೀಕ್ಷಾಕ್ಕ ಬರಿಯೂದವ್ವ, ಹೊಲಕ್ಕಲ್ಲ" ಎಂದನು. ಹುಡುಗಿ ಸುಮ್ಮನಾಗಲಿಲ್ಲ. ನಮ್ಮತ್ತ ತಿರುಗಿ, "ಹಂಗಾದ್ರ ಅಜ್ಜಾರ, ಖರೇದು ಯಾವುದ್ರಿ? ಪುಸ್ತಕದಾಗಿಂದೋ, ಹೊಲದಾಗಿಂದೋ?" ಎಂದಳು.

ನಾವು ಆಗ ಕೊಟ್ಟ ಉತ್ತರ ಹೇಳಿಕೊಳ್ಳುವಂಥದ್ದಲ್ಲ. "ಎರಡೂ ಖರೇನ ತಂಗಿ, ಓದು" ಎಂದು ಹೇಳಿ ಎದ್ದು ಪ್ರವಚನಕ್ಕೆ ಹೋದೆವು. ಅಂದಿನ ಪ್ರವಚನದ ವಿಷಯ ಅರಿವು ಆಚಾರಗಳ ಸಾಮರಸ್ಯವಾಗಿತ್ತು.

ಮಠಕ್ಕೆ ಮರಳಿದ ಮೇಲೆ ಪ್ರಸಾದ ನಿಲಯದ ಹುಡುಗರಿಂದ ಎಂಟನೆಯ ಇಯತ್ತೆಯ ಪುಸ್ತಕಗಳನ್ನು ತರಿಸಿಕೊಂಡು ಒಂದೊಂದಾಗಿ ನೋಡಿದೆವು. ಹದಿಮೂರು ವರ್ಷದ ಮಗುವು ಒಂದು ಅವಧಿಯಲ್ಲಿ ಹೊರುವ ಭಾರ ಸಣ್ಣದಲ್ಲ. ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷು, ತೃತೀಯ ಭಾಷೆ ಹಿಂದಿ. ಗಣಿತದಲ್ಲಿ ಭಾಗಲಬ್ಧ ಸಂಖ್ಯೆಗಳು, ಒಂದು ಚರಾಕ್ಷರದ ಸಮೀಕರಣಗಳು, ಚತುರ್ಭುಜಗಳು. ವಿಜ್ಞಾನದಲ್ಲಿ ಬೆಳೆಯ ಪಾಠದ ಬೆನ್ನಿಗೆ ಸೂಕ್ಷ್ಮಜೀವಿಗಳು, ಲೋಹ-ಅಲೋಹಗಳು, ಕಲ್ಲಿದ್ದಲು ಮತ್ತು ಪೆಟ್ರೋಲಿಯಂ. ಸಮಾಜ ವಿಜ್ಞಾನದಲ್ಲಿ ಇತಿಹಾಸದ ಆಧಾರಗಳು, ಪ್ರಾಚೀನ ನಾಗರಿಕತೆಗಳು, ಭೂಮಿಯ ಶಿಲಾಗೋಳ, ಪೌರತ್ವ. ಇವುಗಳ ಜೊತೆಗೆ ದೈಹಿಕ ಶಿಕ್ಷಣ. ಹೀಗೆ ಏಳು ವಿಷಯಗಳು. ನಿಪ್ಪಾಣಿ, ಕಾಗವಾಡಗಳ ಕಡೆಗೆ ಎಷ್ಟೋ ಮಕ್ಕಳು ಮನೆಯಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತಾ ನಾಲ್ಕು ಭಾಷೆಗಳ ನಡುವೆ ಬೆಳೆಯುತ್ತಾರೆ.

ಇದೇ ಅವಧಿಯಲ್ಲಿ ನಮ್ಮ ನದಿಗಳೂ ತುಂಬುತ್ತವೆಂಬುದನ್ನು ಮರೆಯಲಾಗದು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದ ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಪಾಠ ನಡೆಯಬೇಕಾದ ಕೊಠಡಿಗಳೇ ನಿರಾಶ್ರಿತರ ಮನೆಗಳಾದುವು. ಆ ವರ್ಷ ಪುಸ್ತಕಗಳನ್ನೇ ನೀರಿಗೆ ಕೊಟ್ಟ ಮಕ್ಕಳನ್ನು ನಾವು ಕಂಡಿದ್ದೇವೆ. ಅಂಥ ನೆಲದಲ್ಲಿ ನಿಂತು ಓದುವ ಮಗುವಿಗೆ ಈ ಏಳು ವಿಷಯಗಳು ಏನಾಗಬೇಕು? ಪ್ರಶ್ನೆ ಇದು.

ನಮ್ಮ ಹಿರಿಯರು ತಿಳಿವಿಗೆ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮೊದಲನೆಯದು ಶ್ರವಣ. ಬಲ್ಲವರಿಂದ ಕೇಳುವುದು, ಗ್ರಂಥದಿಂದ ಓದುವುದು ಎರಡೂ ಇದರಲ್ಲಿ ಅಡಕ. ಎರಡನೆಯದು ಮನನ. ಕೇಳಿದ್ದನ್ನು ಯುಕ್ತಿಯಿಂದ ತೂಗಿ, ಸಂಶಯಗಳನ್ನು ಎತ್ತಿ, ಅವುಗಳನ್ನು ಪರಿಹರಿಸಿಕೊಳ್ಳುವುದು. ಮೂರನೆಯದು ನಿದಿಧ್ಯಾಸನ. ಸಂಶಯ ಕಳೆದ ಅರ್ಥವು ಮತ್ತೆ ಅಲುಗದಂತೆ ನೆಲೆಗೊಂಡು ಸ್ವಭಾವವೇ ಆಗಿಬಿಡುವುದು. ಆತ್ಮಜ್ಞಾನಕ್ಕಾಗಿ ಹೇಳಿದ ಈ ಕ್ರಮವು ಲೌಕಿಕ ವಿದ್ಯೆಗೂ ಸಲ್ಲುತ್ತದೆ. ಗಮನಿಸಿರಿ, ಈ ಮೂರರಲ್ಲಿ ಕಂಠಪಾಠವೆಂಬುದು ಎಲ್ಲಿಯೂ ಇಲ್ಲ. ಕೇಳಿದ್ದು ನೆನಪಿನಲ್ಲಿದೆಯೇ ಎಂದು ನೋಡುವ ನಮ್ಮ ಪರೀಕ್ಷೆಯು ಮೊದಲನೆಯ ಮೆಟ್ಟಿಲನ್ನು ಮಾತ್ರ ಅಳೆಯುತ್ತದೆ. ಶಾಲೆಯು ಶ್ರವಣವನ್ನು ಕೊಡುತ್ತದೆ. ಒಳ್ಳೆಯ ಶಿಕ್ಷಕರು ದೊರೆತರೆ ಮನನದ ಬೀಜವನ್ನೂ ಬಿತ್ತುತ್ತಾರೆ. ಆದರೆ ನಾಲ್ವತ್ತು ನಿಮಿಷಗಳ ತಾಸಿನಲ್ಲಿ, ಅರುವತ್ತು ಮಕ್ಕಳ ನಡುವೆ ಆ ಬೀಜ ಮೊಳೆಯುವುದು ಕಷ್ಟ. ಅದು ಮೊಳೆಯುವುದು ಸಂಜೆ ಮನೆಯಲ್ಲಿ, ಹೊಲದ ಬದುವಿನಲ್ಲಿ, ಅಂಗಡಿಯ ತಕ್ಕಡಿಯ ಮುಂದೆ, ಮಠದ ಪಂಕ್ತಿಯಲ್ಲಿ. ಅಲ್ಲಿರುವವರು ನಾವು. ಅದನ್ನು ಹೊಸಕಿ ಹಾಕುವವರೂ ಹೆಚ್ಚಾಗಿ ನಾವೇ.

ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆಯನ್ನು ಹೇಳಿ ನಾವೆಲ್ಲರೂ ನಗುತ್ತೇವೆ. ಆದರೆ ಮಗುವಿನ ಪ್ರಶ್ನೆಗೆ "ಅದು ಪರೀಕ್ಷೆಗೆ" ಎಂದು ಉತ್ತರ ಕೊಟ್ಟಾಗ ಆ ಗಾದೆಯನ್ನೇ ಪಾಠ ಮಾಡಿದಂತಾಗುತ್ತದೆ. ಸತ್ಯಕ್ಕೆ ಎರಡು ಮನೆಗಳಿವೆ, ಪುಸ್ತಕದಲ್ಲಿ ಒಂದು ಬಾಳಿನಲ್ಲಿ ಒಂದು, ಒಂದರ ಬಾಗಿಲು ಇನ್ನೊಂದಕ್ಕೆ ತೆರೆಯುವುದಿಲ್ಲ ಎಂದು ಮಗು ಕಲಿಯುತ್ತದೆ. ಇದು ಪಠ್ಯಕ್ರಮದಲ್ಲಿಲ್ಲದ ಎಂಟನೆಯ ವಿಷಯ. ಉಳಿದ ಏಳನ್ನು ಮಕ್ಕಳು ಪರೀಕ್ಷೆಯ ಮರುದಿನವೇ ಮರೆತರೂ ಮರೆತಾರು, ಇದನ್ನು ಮಾತ್ರ ಮರೆಯುವುದಿಲ್ಲ. ಮುಂದೆ ಅದೇ ಮಗು ಇಂಜಿನಿಯರಾಗಿ ಬಂಧಾರ ಕಟ್ಟಿಸುವಾಗ, ಗುಮಾಸ್ತನಾಗಿ ಕಡತ ಹಿಡಿದಾಗ, ಜಂಗಮನಾಗಿ ಪೀಠದ ಮೇಲೆ ಕುಳಿತಾಗ, ಲಂಚ ತಪ್ಪೆಂಬುದು ಪುಸ್ತಕದ ಮಾತು, ಸಮಾನತೆಯೆಂಬುದು ಪ್ರವಚನದ ಮಾತು ಎಂದು ತನಗೆ ತಾನೇ ಹೇಳಿಕೊಳ್ಳುತ್ತದೆ. ಅದಕ್ಕೆ ಆ ಮಾತನ್ನು ಕಲಿಸಿದವರು ಯಾರು?

ಒಂದೊಂದು ವಿಷಯವನ್ನೂ ನಮ್ಮ ನೆಲದ ಮೇಲಿಟ್ಟು ನೋಡೋಣ.

ಮೊದಲು ಆ ಹುಡುಗಿಯ ಹೊಲ. ಚಿಕ್ಕೋಡಿಯಿಂದ ಅಥಣಿಯವರೆಗಿನ ನಮ್ಮ ಎರೆಭೂಮಿಯು ಕಪ್ಪು ಬಸಾಲ್ಟ್ ಶಿಲೆ ಸವೆದು ಆದುದು. ಶಿಲಾಗೋಳದ ಪಾಠ ಹೇಳುವ ಅಗ್ನಿಶಿಲೆಯೆಂದರೆ ಇದೇ. ಇದರ ಜಿಗುಟು ಮಣ್ಣು ನೀರನ್ನು ಹಿಡಿದುಕೊಳ್ಳುತ್ತದೆ, ಬೇಗ ಬಸಿಯಗೊಡುವುದಿಲ್ಲ. ನದಿಯಿಂದ ಪಂಪು ಹಚ್ಚಿ ಕಬ್ಬಿಗೆ ಮೇಲಿಂದ ಮೇಲೆ ನೀರು ಹಾಯಿಸಿದರೆ ನೆಲದೊಳಗಿನ ನೀರಿನ ಮಟ್ಟ ಏರುತ್ತದೆ. ಬಿಸಿಲಿಗೆ ನೀರು ಆರಿ ಹೋಗಿ ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಇದನ್ನೇ ನಾವು ಸವಳು-ಜವಳು ಎನ್ನುತ್ತೇವೆ. ಕೃಷ್ಣಾ ತೀರದ ಎಷ್ಟೋ ಎಕರೆ ಭೂಮಿ ಹೀಗೆ ಬೆಳ್ಳಗಾಗಿರುವುದನ್ನು ನೀವು ಬಲ್ಲಿರಿ. ಭೂಗೋಳ, ವಿಜ್ಞಾನ ಎರಡೂ ಸೇರಿ ಒಂದೇ ಹೊಲದ ಕಥೆಯನ್ನು ಹೇಳುತ್ತಿವೆ. ಆ ಹುಡುಗಿ ಮಾಡಿದ್ದು ಇಷ್ಟೇ, ಎರಡು ತಾಸುಗಳಲ್ಲಿ ಬೇರೆ ಬೇರೆಯಾಗಿ ಕೇಳಿದ್ದನ್ನು ತನ್ನ ಹೊಲದಲ್ಲಿ ಕೂಡಿಸಿ ನೋಡಿದಳು. ಮನನವೆಂದರೆ ಇದೇ ಅಲ್ಲವೇ?

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚುವುದು ನಮ್ಮಲ್ಲಿ ರೂಢಿ. ಮಣ್ಣಿಗೆ ಸೇರಿ ಗೊಬ್ಬರವಾಗಬೇಕಾದದ್ದು ಹೊಗೆಯಾಗಿ ಹೋಗುತ್ತದೆ, ಮೇಲ್ಮಣ್ಣಿನ ಸೂಕ್ಷ್ಮಜೀವಿಗಳೂ ಸುಟ್ಟುಹೋಗುತ್ತವೆ. ಸೂಕ್ಷ್ಮಜೀವಿಗಳಲ್ಲಿ ಮಿತ್ರರೂ ಉಂಟು ಶತ್ರುಗಳೂ ಉಂಟೆಂದು ಮಗು ಓದಿರುತ್ತದೆ. ಹಾಲನ್ನು ಹೆಪ್ಪಾಗಿಸಿ ಮೊಸರು ಮಾಡುವ ಮಿತ್ರ ಅದರ ಮನೆಯ ಗಡಿಗೆಯಲ್ಲಿಯೇ ಇದ್ದಾನೆ. ನೆರೆಯ ನೀರನ್ನು ಕಾಯಿಸದೆ ಕುಡಿದರೆ ಒಳಹೊಗುವ ಶತ್ರುವೂ ಅದರ ಊರಿನಲ್ಲಿಯೇ ಇದ್ದಾನೆ.

ಇನ್ನು ಗಣಿತ. ಸಮೀಕರಣವೆಂದರೆ ತಕ್ಕಡಿ. ಒಂದು ತಟ್ಟೆಯಲ್ಲಿ ಏನು ಮಾಡಿದೆಯೋ ಅದನ್ನು ಇನ್ನೊಂದರಲ್ಲಿಯೂ ಮಾಡಬೇಕು, ಇಲ್ಲದಿದ್ದರೆ ಸಮತೂಕ ಕೆಡುತ್ತದೆ. ಇಂಥ ನಿಷ್ಪಕ್ಷಪಾತವಾದ ನೀತಿಬೋಧೆ ನಮ್ಮ ಪ್ರವಚನಗಳಲ್ಲಿಯೂ ದುರ್ಲಭ. ೨೦೨೪-೨೫ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ ೧೦.೨೫ ಸಕ್ಕರೆ ಇಳುವರಿಗೆ ಕ್ವಿಂಟಲ್ ಕಬ್ಬಿಗೆ ೩೪೦ ರೂಪಾಯಿಗಳ ದರವನ್ನು ಗೊತ್ತುಪಡಿಸಿತ್ತು. ಅದಕ್ಕೆ ಮೇಲ್ಪಟ್ಟ ಪ್ರತಿ ಶೇಕಡಾ ೦.೧ ಇಳುವರಿಗೆ ೩ ರೂಪಾಯಿ ೩೨ ಪೈಸೆ ಹೆಚ್ಚು. ಇಳುವರಿ ಶೇಕಡಾ ೧೧.೨೫ ಬಂದರೆ ಕ್ವಿಂಟಲಿಗೆ ೩೭೩ ರೂಪಾಯಿ ೨೦ ಪೈಸೆ, ಟನ್ನಿಗೆ ೩,೭೩೨ ರೂಪಾಯಿ. ಅದರಲ್ಲಿ ಕಟಾವು, ಸಾಗಾಣಿಕೆಗಳ ಖರ್ಚು ಕಳೆಯಬೇಕು. ಎಂಟನೆಯ ಇಯತ್ತೆಯ ಮಗು ಈ ಲೆಕ್ಕವನ್ನು ಐದು ನಿಮಿಷದಲ್ಲಿ ಮಾಡಬಲ್ಲುದು. ಆದರೆ ಕಾರ್ಖಾನೆಯಿಂದ ಬಂದ ಚೀಟಿಯನ್ನು ಅದರ ಕೈಗೆ ಕೊಡುವ ತಂದೆಯರು ಎಷ್ಟು ಮಂದಿ? ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗಳು ಶೇಕಡಾವಾರು ಲೆಕ್ಕದಲ್ಲಿ ಪೂರ್ಣಾಂಕ ಪಡೆದಿರುತ್ತಾಳೆ. ಸಾವಿರ ಬೀಡಿಗಳಲ್ಲಿ ಕೆಟ್ಟವೆಂದು ತೆಗೆದು ಹಾಕಿದವು ಎಷ್ಟು, ಕೈಗೆ ಬಂದ ಕೂಲಿ ಎಷ್ಟು ಎಂದು ತಾಯಿ ಅವಳನ್ನು ಕೇಳುವುದಿಲ್ಲ, ಕೇಳಿದರೂ ಲೆಕ್ಕ ಹಿಡಿದು ಮಾತನಾಡುವ ಧೈರ್ಯ ಮನೆಗೆ ಬರುವುದಿಲ್ಲ. ಕಬ್ಬು ಕಡಿಯುವ ಗುಂಪಿಗೆ ಸೇರಿ ಊರು ಬಿಡುವ ಕುಟುಂಬವು ಪಡೆದ ಮುಂಗಡದ ಹಣವೂ ಇಂಥದೇ ಲೆಕ್ಕ. ಬಡವನ ಮನೆಗೆ ಗಣಿತವು ಅಂಕಪಟ್ಟಿಯಾಗಿ ಬಂದರೆ ಸಾಲದು, ಕೈಗೋಲಾಗಿ ಬರಬೇಕು.

ಇತಿಹಾಸದ ಮೊದಲ ಪಾಠವೇ ಆಧಾರಗಳು. ಶಾಸನ, ನಾಣ್ಯ, ಸ್ಮಾರಕ, ಸಾಹಿತ್ಯಗಳಿಂದ ಗತಕಾಲವನ್ನು ತಿಳಿಯಬೇಕು, ಬರಿಯ ಬಾಯಿಮಾತಿನಿಂದಲ್ಲ ಎಂಬುದು ಅದರ ಸಾರ. ಗಡಿನಾಡಿನವರಾದ ನಮಗೆ ಇದಕ್ಕಿಂತ ಬೇಕಾದ ಪಾಠ ಬೇರೊಂದಿಲ್ಲ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಂದಿನಿಂದ ಕನ್ನಡ, ಮರಾಠಿಗಳ ಹೆಸರಿನಲ್ಲಿ ಎಷ್ಟು ಸಲ ಬಸ್ಸುಗಳಿಗೆ ಕಲ್ಲು ಬಿದ್ದಿಲ್ಲ! ಈಗಂತೂ ಒಂದು ಸುಳ್ಳು ಸುದ್ದಿ ಮೊಬೈಲಿನಲ್ಲಿ ಅರ್ಧ ತಾಸಿನೊಳಗೆ ಕಾಗವಾಡದಿಂದ ನಿಪ್ಪಾಣಿಯವರೆಗೆ ಹರಿದಾಡುತ್ತದೆ. ಗಡಿಯಾಚೆಯ ಮಹಾರಾಷ್ಟ್ರದ ಗುಡಿಗಳಲ್ಲಿ ಕನ್ನಡ ಶಾಸನಗಳಿವೆ. ಗಡಿಯೀಚೆಯ ಕನ್ನಡ ಮನೆಗಳಲ್ಲಿ ಮರಾಠಿ ಅಭಂಗಗಳು ಕೇಳುತ್ತವೆ. ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರಗಳಲ್ಲಿ ಇಷ್ಟಲಿಂಗಪೂಜೆ ಮಾಡಿಕೊಂಡು ಮರಾಠಿಯಾಡುವ ನಮ್ಮವರು ಅಸಂಖ್ಯರಿದ್ದಾರೆ. ಇಂದು ಕಾಗವಾಡ ತಾಲ್ಲೂಕಿಗೆ ಸೇರಿದ ಶೇಡಬಾಳದ ಮಿರ್ಜಿ ಅಣ್ಣಾರಾಯರು ಶಾಲಾ ಶಿಕ್ಷಕರಾಗಿದ್ದುಕೊಂಡೇ 'ನಿಸರ್ಗ'ದಂಥ ಕಾದಂಬರಿಯನ್ನು ಈ ಗಡಿನೆಲದ ಆಡುನುಡಿಯ ಬಲದಿಂದ ಕನ್ನಡಕ್ಕೆ ಕೊಟ್ಟರು. ಇದನ್ನೆಲ್ಲ ಬಲ್ಲ ಮಗು ಕಲ್ಲೆತ್ತುವ ಮೊದಲು "ಆಧಾರವೇನು?" ಎಂದು ಕೇಳುತ್ತದೆ. ಕೇಳಲಿ. ಅದೇ ಮಗು ಮುಂದೊಂದು ದಿನ ನಮ್ಮ ಮಠದ ಸ್ಥಳಪುರಾಣಕ್ಕೂ ಆಧಾರ ಕೇಳಬಹುದು. ಆಗಲೂ ನಾವು ಕೋಪಿಸಿಕೊಳ್ಳಬಾರದು. ಆಧಾರವಿದ್ದರೆ ತೋರಿಸಬೇಕು, ಇಲ್ಲದಿದ್ದರೆ ಇದು ಭಕ್ತರ ನಂಬಿಕೆಯೆಂದು ಒಪ್ಪಿ ಹೇಳಬೇಕು.

ಕನ್ನಡದ ಪಾಠಗಳಲ್ಲಿ ಈಚಿನ ವರ್ಷಗಳಲ್ಲಿ ಎಂಟನೆಯ ಇಯತ್ತೆಯ ಮಕ್ಕಳು ಓದಿದ ಬಾಗಲೋಡಿ ದೇವರಾಯರ 'ಮಗ್ಗದ ಸಾಹೇಬ' ಕಥೆಯನ್ನು ನೀವೂ ಓದಬೇಕೆಂದು ನಮ್ಮ ಆಶಯ. ಮನೆತನದ ಮಗ್ಗವನ್ನು ತಂದೆಯು ಬೇಡವೆಂದರ್ಥದಲ್ಲಿ ದೂರವಿಟ್ಟಿದ್ದಾನೆ, ಮಗನ ಜೀವವೆಲ್ಲ ಆ ಮಗ್ಗದ ಮೇಲೆಯೇ ಇದೆ. ಇದನ್ನು ಓದಿದ ಅಥಣಿಯ ಹುಡುಗನೊಬ್ಬನ ಮನೆಯಲ್ಲಿ ಚಪ್ಪಲಿ ಹೊಲಿಯುವ ಕಾಯಕವಿದೆಯೆಂದು ಭಾವಿಸಿರಿ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ತೊಗಲನ್ನು ಹದ ಮಾಡಿ ಕೈಯಿಂದ ಹೊಲಿಯುವ ಈ ಚಪ್ಪಲಿಗೆ ಕೊಲ್ಲಾಪುರಿ ಎಂಬ ಹೆಸರಿನಿಂದ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಆ ಮಾನ್ಯತೆಯಲ್ಲಿ ಸೇರಿವೆ, ನಮ್ಮ ಬೆಳಗಾವಿ ಅವುಗಳಲ್ಲಿ ಒಂದು. ತೊಗಟೆಯ ಒಗರು ತೊಗಲನ್ನು ಕೊಳೆಯದಂತೆ ಹೇಗೆ ಕಾಯುತ್ತದೆ ಎಂಬುದು ರಸಾಯನ ಶಾಸ್ತ್ರ. ಆ ಹುಡುಗನ ತಂದೆಗೆ ಅದು ಕೈಗತವಾಗಿದೆ. ಆದರೂ ಶಾಲೆಯ ದಾಖಲೆಯಲ್ಲಿ ಅವನು ಅನಕ್ಷರಸ್ಥ. ಮಾದಾರ ಚೆನ್ನಯ್ಯನವರ, ಹರಳಯ್ಯನವರ ಹೆಸರು ಹೇಳಿ ಕಾಯಕದ ಹಿರಿಮೆಯನ್ನು ಸಾರುವ ನಾವು ಆ ತಂದೆಯನ್ನು ಒಮ್ಮೆಯಾದರೂ ಮಠಕ್ಕೆ ಕರೆದು ಮಕ್ಕಳ ಮುಂದೆ ಕೂಡಿಸಿ, ನಿನ್ನ ವಿದ್ಯೆಯನ್ನು ಹೇಳೆಂದು ಕೇಳಿದ್ದೇವೆಯೇ?

ಪೌರತ್ವದ ಪಾಠಕ್ಕೆ ಬಂದಾಗ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಮಠದ ಆಶ್ರಯದಲ್ಲಿ ಉಂಡು ಓದುತ್ತಿದ್ದೆವು. ಬಸವ ಜಯಂತಿಯ ನಿಮಿತ್ತವಾಗಿ ಪ್ರಬಂಧ ಸ್ಪರ್ಧೆಯಿತ್ತು. ಬಸವಣ್ಣನವರ ಸಮಾನತೆಯನ್ನು ಕುರಿತು ನಾವು ಬರೆದ ಪ್ರಬಂಧಕ್ಕೆ ಮೊದಲ ಬಹುಮಾನ ಬಂದಿತು. ಅದನ್ನು ಬರೆಯುವಾಗ ನಮ್ಮ ಕಾಗುಣಿತವನ್ನು ತಿದ್ದಿಕೊಟ್ಟವನು ನಮ್ಮದೇ ವರ್ಗದ ಒಬ್ಬ ಹುಡುಗ. ಅವನಿಗೂ ಇನ್ನಿಬ್ಬರಿಗೂ ಪ್ರಸಾದದ ವೇಳೆಯಲ್ಲಿ ದನದ ಕೊಟ್ಟಿಗೆಯ ಬದಿಗೆ ಬೇರೆ ಸಾಲು. ಬಹುಮಾನದ ಪುಸ್ತಕವನ್ನು ಮಗ್ಗುಲಲ್ಲಿಟ್ಟುಕೊಂಡು ಆ ರಾತ್ರಿ ನಾವು ನಮ್ಮ ಸಾಲಿನಲ್ಲಿ ಕುಳಿತು ಉಂಡೆವು. ಅವನು ಒಮ್ಮೆ ತಲೆಯೆತ್ತಿ ನೋಡಿದ. ನಾವು ನೋಡಲಿಲ್ಲ. ಅಲ್ಲಿ ಯಾರೂ ಕ್ರೂರಿಗಳಾಗಿರಲಿಲ್ಲ. ಹಿಂದಿನಿಂದ ನಡೆದು ಬಂದದ್ದು, ಯಾರೂ ಕೇಳಿರಲಿಲ್ಲ, ಅಷ್ಟೇ.

ಮರುವರ್ಷ ಹೊಸ ಶಿಕ್ಷಕರೊಬ್ಬರು ಅಲ್ಲಿಗೆ ಬಂದರು. ಮೊದಲನೆಯ ದಿನವೇ ಸಾಲುಗಳನ್ನು ನೋಡಿದರು. ಯಾವ ಭಾಷಣವನ್ನೂ ಮಾಡಲಿಲ್ಲ. ತಟ್ಟೆಯನ್ನೆತ್ತಿಕೊಂಡು ಹೋಗಿ ಕೊಟ್ಟಿಗೆಯ ಬದಿಯ ಮೂವರ ಪಕ್ಕದಲ್ಲಿ ಕುಳಿತರು. ಎರಡನೆಯ ದಿನ ನಾಲ್ಕೈದು ಹುಡುಗರು ಎದ್ದು ಹೋದೆವು. ಆ ವಾರ ಮುಗಿಯುವುದರೊಳಗಾಗಿ ಸಾಲು ಒಂದೇ ಆಯಿತು. ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆಯೆಂದು ನಾವು ಮುಂದೆ ವಿಶ್ವವಿದ್ಯಾಲಯದಲ್ಲಿ ಓದಿದೆವು, ಶಿವಾಚಾರವೆಂದರೆ ಶಿವಭಕ್ತರಲ್ಲಿ ಭೇದವೆಣಿಸದಿರುವುದೆಂದು ಗುರುಗಳಲ್ಲಿ ಪಾಠ ಹೇಳಿಸಿಕೊಂಡೆವು. ಆದರೆ ಇವೆರಡರ ಅರ್ಥವೂ ನಮಗೆ ತಿಳಿದದ್ದು ಆ ತಟ್ಟೆಯಿಂದ. ಒಂದು ಮಾತು ಮಾತ್ರ ಈಗಲೂ ಕೊರೆಯುತ್ತದೆ. ಬಹುಮಾನ ಪಡೆದವರು ನಾವು, ಮೊದಲು ಎದ್ದು ಹೋಗಬೇಕಾಗಿದ್ದವರು ನಾವು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಮಕ್ಕಳು ಮೊದಲು ಕಲಿಯಲಿ, ಆಚರಣೆ ಆಮೇಲೆ ಬರಲಿ, ಹದಿಮೂರು ವರ್ಷದ ಮಗು ಹಿರಿಯರನ್ನು ಪ್ರಶ್ನಿಸತೊಡಗಿದರೆ ಮನೆಯ ಮರ್ಯಾದೆ ಉಳಿಯುವುದೇ, ಎಂದು ಕೆಲವರು ಕೇಳಬಹುದು. ಮತ್ತೆ ಕೆಲವರು, ಬಾಳು ಪುಸ್ತಕದಷ್ಟು ಸರಳವಲ್ಲ ಎನ್ನಬಹುದು. ಎರಡನೆಯ ಮಾತಿನಲ್ಲಿ ತೂಕವಿದೆ. ನಮಗೆ ಅದನ್ನು ತಿಳಿಸಿದವನು ಆ ಹುಡುಗಿಯ ತಂದೆಯೇ. ಪ್ರವಚನದ ಮರುದಿನ ನಸುಕಿನಲ್ಲಿ ಅವನು ನಮ್ಮನ್ನು ಕೆಳಗಿನ ಹೊಲಕ್ಕೆ ಕರೆದೊಯ್ದನು. "ಅಜ್ಜಾರ, ಹುಡುಗಿ ಕೇಳಿದ್ದು ನನಗ ಗೊತ್ತಿಲ್ಲಂತಲ್ರಿ" ಎಂದನು. ಮೇಲಿನ ಹೊಲದವರ ನೀರೂ ಇವನ ಹೊಲಕ್ಕೇ ಇಳಿಯುತ್ತದೆ. ಬಸಿಗಾಲುವೆ ತೋಡಬೇಕೆಂದರೆ ಅದು ಇನ್ನು ಮೂವರ ಹೊಲಗಳನ್ನು ದಾಟಿ ಹಳ್ಳಕ್ಕೆ ಸೇರಬೇಕು. ಅವರಲ್ಲಿ ಒಬ್ಬರೊಡನೆ ಹತ್ತು ವರ್ಷಗಳಿಂದ ಬದುವಿನ ಜಗಳ. ಕಬ್ಬು ಬಿಟ್ಟು ಬೇರೆ ಬೆಳೆದರೆ ಕೊಳ್ಳುವವರು ಯಾರು, ಸೊಸಾಯಿಟಿಯ ಸಾಲ ತೀರುವುದು ಹೇಗೆ? ಇಷ್ಟನ್ನೂ ಮಗಳಿಗೆ ಹೇಳಲು ನಾಚಿಕೆಯಾಗಿ ನಕ್ಕುಬಿಟ್ಟೆನೆಂದನು.

ಆ ಬೆಳಗ್ಗೆ ನಮಗೆ ಎರಡು ಸಂಗತಿಗಳು ಸ್ಪಷ್ಟವಾದುವು. ಮೊದಲನೆಯದಾಗಿ, ಅವನು ಅಜ್ಞಾನಿಯಲ್ಲ, ಒಂಟಿ. ಒಬ್ಬನ ತಲೆಯಲ್ಲಿರುವ ಅರಿವು ನಾಲ್ವರ ಹೊಲಗಳಲ್ಲಿ ಹರಿಯಬೇಕಾದರೆ ನಾಲ್ವರೂ ಕೂಡಬೇಕು. ಪಂಚಾಚಾರಗಳಲ್ಲಿ ಗಣಾಚಾರವನ್ನು ಹೇಳಿದ ಹಿರಿಯರು, ಸಮುದಾಯದ ಒಳಿತನ್ನು ಸಮುದಾಯವೇ ನಿಂತು ಕಾಯಬೇಕೆಂಬುದನ್ನು ಕಂಡುಕೊಂಡಿದ್ದರು. ಎರಡನೆಯದಾಗಿ, ನಮಗೆ ಹೇಳಿದ ಈ ಮಾತನ್ನೇ ಅವನು ಮಗಳಿಗೆ ಹೇಳಿದ್ದರೆ ಅದಕ್ಕಿಂತ ದೊಡ್ಡ ಪಾಠ ಯಾವ ಶಾಲೆಯಲ್ಲಿಯೂ ದೊರೆಯುತ್ತಿರಲಿಲ್ಲ. ಪುಸ್ತಕ ಹೇಳುವುದು ನಿಜವವ್ವ, ಆದರೆ ಮಾಡಲಿಕ್ಕೆ ಈ ಈ ತೊಡಕುಗಳಿವೆ ಎಂಬ ಮಾತಿನಿಂದ ಮನೆಯ ಮರ್ಯಾದೆ ಕುಂದುವುದಿಲ್ಲ. ತಿಳಿಯದೆಂದು ಒಪ್ಪಿಕೊಂಡ ತಂದೆಯನ್ನು ಮಕ್ಕಳು ಕಡೆಗಣಿಸಿದ್ದನ್ನು ನಾವು ಕಂಡಿಲ್ಲ. ನಕ್ಕು ಬಾಯಿ ಮುಚ್ಚಿಸಿದವರನ್ನು ಅವು ಮುಂದೆ ನಂಬದೆ ಹೋದದ್ದನ್ನು ಕಂಡಿದ್ದೇವೆ. ಕೆಲವೊಮ್ಮೆ ಹೊಲವು ಪುಸ್ತಕವನ್ನು ತಿದ್ದಲೂಬಹುದು. ಮಣ್ಣನ್ನು ನಾಲ್ವತ್ತು ವರ್ಷ ನೋಡಿದ ಕಣ್ಣಿಗೆ ಕಾಣುವುದು ಎಲ್ಲವೂ ಅಚ್ಚಿನಲ್ಲಿ ಇರುವುದಿಲ್ಲ. ಆದರೆ ತಿದ್ದಬೇಕಾದರೆ ಎರಡೂ ಎದುರುಬದುರಾಗಿ ಕೂಡಬೇಕಲ್ಲವೇ?

ನಮ್ಮ ಭಾಗಕ್ಕೆ ವಿದ್ಯೆ ಸುಲಭವಾಗಿ ಬಂದುದಲ್ಲ. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ೧೯೧೭ರಲ್ಲಿ, ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಲು ಆಜ್ಞೆ ಹೊರಡಿಸಿದರು. ಅದಕ್ಕೆ ಒಂದು ವರ್ಷ ಮೊದಲು, ೧೯೧೬ರಲ್ಲಿ, ಬೆಳಗಾವಿಯಲ್ಲಿ ಶಿಕ್ಷಕರೇ ಮುಂದಾಗಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಮಠಗಳು ಜೋಳಿಗೆ ಹಿಡಿದು ತಂದ ಧಾನ್ಯದಿಂದ ಪ್ರಸಾದ ನಿಲಯಗಳನ್ನು ನಡೆಸಿದುವು. ಆ ಅನ್ನ ಉಂಡವರು ನೀವು, ನಾವು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (೧೮೩೬-೧೯೨೧) ಮಾತಿಗಿಂತ ನಡೆಯಿಂದಲೇ ಹೆಚ್ಚು ಬೋಧಿಸಿದವರೆಂದು ಈ ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. ಇವರೆಲ್ಲರ ಪುಣ್ಯದಿಂದ ಶ್ರವಣದ ಬಾಗಿಲು ಬಡವರ ಮಕ್ಕಳಿಗೂ ತೆರೆಯಿತು. ಮನನದ ಬಾಗಿಲನ್ನು ತೆರೆಯುವ ಋಣ ನಮ್ಮ ತಲೆಯ ಮೇಲೆ ಉಳಿದಿದೆ.

ಆದಕಾರಣ ಈ ಮಹಾನವಮಿಗೆ ನಿಮ್ಮಲ್ಲಿ ಮೂರು ಬಿನ್ನಹಗಳು. ಮಗು ರಜೆಗೆ ಮನೆಗೆ ಬಂದಾಗ ಎಷ್ಟು ಅಂಕ ಬಿದ್ದುವೆಂದು ಕೇಳುವ ಮೊದಲು, ಓದಿದ್ದರಲ್ಲಿ ನಮ್ಮ ಮನೆಗೆ, ನಮ್ಮ ಊರಿಗೆ ಹೊಂದುವುದು ಏನು ಕಂಡಿತೆಂದು ಕೇಳಿರಿ. ಅದು ಹೇಳಿದ್ದು ನಿಮಗೆ ಹಿಡಿಸದಿದ್ದರೂ, "ಅದು ಪರೀಕ್ಷೆಗೆ" ಎಂಬ ಒಂದು ಮಾತನ್ನು ಮಾತ್ರ ಆಡಬೇಡಿರಿ. ಮೂರನೆಯದು ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಕೃಷಿ ಅಧಿಕಾರಿಗಳಿದ್ದೀರಿ, ನೀರಾವರಿ ಇಂಜಿನಿಯರುಗಳಿದ್ದೀರಿ, ಬ್ಯಾಂಕಿನವರು, ವಕೀಲರು, ಶಿಕ್ಷಕರಿದ್ದೀರಿ. ಪ್ರತಿ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಇನ್ನು ಮುಂದೆ ಮೊದಲ ಅರ್ಧ ತಾಸು ಮಕ್ಕಳ ಪ್ರಶ್ನೆಗಳಿಗೆ ಮೀಸಲು. ಶಾಲೆಯಲ್ಲಿ ಓದಿದ್ದೂ ಊರಿನಲ್ಲಿ ಕಂಡದ್ದೂ ಎಲ್ಲಿ ಹೊಂದುವುದಿಲ್ಲವೋ ಅದನ್ನು ಅವರು ಕೇಳಲಿ. ಉತ್ತರಿಸಲು ನೀವು ಬನ್ನಿರಿ. ರೈತರೂ ಬೀಡಿ ಕಟ್ಟುವ ತಾಯಂದಿರೂ ಚಪ್ಪಲಿ ಹೊಲಿಯುವ ಶರಣರೂ ಅದೇ ಸಾಲಿನಲ್ಲಿ ಕುಳಿತು ಉತ್ತರಿಸಲಿ. ನಮ್ಮನ್ನೂ ಕೇಳಲಿ. ಪ್ರಸಾದಕ್ಕೆ ಎಲ್ಲರಿಗೂ ಸಾಲು ಒಂದೇ.

ಆ ಹಳ್ಳಿಗೆ ನಾವು ಇನ್ನೊಮ್ಮೆ ಹೋಗಿ ಬಂದೆವು. ಬಸಿಗಾಲುವೆ ಇನ್ನೂ ಆಗಿಲ್ಲ. ನಾಲ್ವರಲ್ಲಿ ಮೂವರು ಕೂಡಿ ಮಾತನಾಡಿದ್ದಾರೆ, ಬದುವಿನ ಜಗಳದವನು ಬಂದಿಲ್ಲ. ಬರುವ ಬೇಸಗೆಯೊಳಗಾಗಿ ಬಂದಾನೆಂದು ಆಶಿಸುತ್ತೇವೆ. ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರವನ್ನು ಮಾತ್ರ ಕೊಟ್ಟು ಬಂದೆವು. ತಂಗಿ, ಖರೇದು ಎರಡಿಲ್ಲ. ಪುಸ್ತಕದ್ದೂ ಹೊಲದ್ದೂ ಬೇರೆಯಾಗಿ ಕಂಡರೆ ಎಲ್ಲಿಯೋ ತಪ್ಪಿದೆ, ಪುಸ್ತಕದಲ್ಲಿರಬಹುದು, ಹೊಲದಲ್ಲಿರಬಹುದು, ನಮ್ಮಲ್ಲಿರಬಹುದು. ಅದನ್ನು ಹುಡುಕುವುದಕ್ಕೆ ಓದು ಎನ್ನುತ್ತಾರೆ. ಪರೀಕ್ಷೆಯಲ್ಲಿ ಎರಡನ್ನೂ ಬರೆ ಎಂದೆವು.

ಅವಳು ಬರೆದಳೋ ಇಲ್ಲವೋ, ಎಷ್ಟು ಅಂಕ ಬಿದ್ದುವೋ ನಾವು ಕೇಳಲಿಲ್ಲ.

ಸರ್ವರಿಗೂ ಸನ್ಮಂಗಳವಾಗಲಿ.